ನನ್ನ ಚಿಕ್ಕಮ್ಮನ ಬುದ್ಧಿ ಸರಿಯಾಗಿಯೇ ಇತ್ತು

ಮಾನ್ಯ ದತ್ತಿ ಪರಿಶೀಲನಾಧಿಕಾರಿಗಳೇ,

ತಾವು ನಮ್ಮ ಪರವಾಗಿ ಆದೇಶ ಮಾಡಿದ್ದೀರಿ. ನನ್ನ ದೂರು ಇರುವುದು ಅದರ ಮೇಲೆಯೇ.

ಇಂಥ ದೂರು ತಮ್ಮ ಕಚೇರಿಗೆ ಹೊಸದೆಂದು ನನಗೆ ಗೊತ್ತು. ತಮ್ಮ ಬಾಗಿಲ ಮುಂದಿನ ಬೆಂಚಿನ ಮೇಲೆ ಕೂತು ಸವೆಯುವವರೆಲ್ಲ ಸೋತವರು. ಗೆದ್ದವರು ಆದೇಶದ ಪ್ರತಿ ಕೈಗೆ ಬಂದ ಮೇಲೆ ಆ ದಿಕ್ಕಿಗೆ ತಲೆ ಹಾಕಿಯೂ ಮಲಗುವುದಿಲ್ಲ. ನಾನು ಮರುಪರಿಶೀಲನೆಯ ಅರ್ಜಿ ಹಿಡಿದು ಬಂದಾಗ ಕಿಟಕಿಯ ಗುಮಾಸ್ತರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಮ್ಮಾ, ಇದು ನಿಮ್ಮ ಕಡೆಗೇ ಆಗಿದೆಯಲ್ಲ, ಇನ್ನೇನು ಬೇಕು?" ಎಂದು ಕೇಳಿದರು. ಏನು ಬೇಕು ಎಂಬುದನ್ನು ಹೇಳಲು ಆ ಕಿಟಕಿಯ ಕಂಡಿ ಸಾಲದು. ಅದಕ್ಕೇ ಹತ್ತು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ತಮಗೆ ದಿನಕ್ಕೆ ಎಷ್ಟೋ ಕಡತ. ನಮ್ಮದು ನೆನಪಿರಲಿಕ್ಕಿಲ್ಲ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ ನಡೆಸುತ್ತಿದ್ದ ಒಬ್ಬ ವಿಧವೆ, ಕೆಳಗಿನ ಅಂಗಡಿ ಮತ್ತು ಮೇಲಿನ ಎರಡು ಕೋಣೆಗಳನ್ನು ತನ್ನ ಉಯಿಲಿನಲ್ಲಿ ನಮ್ಮ ಬೀದಿಯ ಪ್ರಾರ್ಥನಾ ಮಂದಿರಕ್ಕೆ ಬಿಟ್ಟುಹೋದಳು. ಉದ್ದೇಶವನ್ನೂ ಬರೆಸಿದ್ದಳು: ದಿಕ್ಕಿಲ್ಲದೆ ಸತ್ತವರ ದೇಹಗಳನ್ನು ತೊಳೆದು, ಒಳ್ಳೆಯ ಬಟ್ಟೆ ತೊಡಿಸಿ, ಪ್ರಾರ್ಥನೆ ಹೇಳಿ ಕಳಿಸಿಕೊಡುವ ಕೆಲಸಕ್ಕೆ. ಅವಳು ನನ್ನ ಚಿಕ್ಕಮ್ಮ. ಅವಳಿಗೆ ಮಕ್ಕಳಿರಲಿಲ್ಲ. ನಾನೂ ನನ್ನ ಅಣ್ಣನೂ ಅವಳ ಅಕ್ಕನ ಮಕ್ಕಳು. ನಮ್ಮಮ್ಮ ಬೇಗ ತೀರಿಕೊಂಡಿದ್ದರಿಂದ ಚಿಕ್ಕಮ್ಮನ ಕೈಯಲ್ಲೇ ಬೆಳೆದವರು. ಉಯಿಲಿಗೆ ನಾವಿಬ್ಬರೂ ತಕರಾರು ಸಲ್ಲಿಸಿದೆವು. ತಾವು ತಕರಾರನ್ನು ಎತ್ತಿಹಿಡಿದಿರಿ. "ಉಯಿಲು ಬರೆಸುವ ಕಾಲಕ್ಕೆ ಮೃತರ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲವೆಂದು ಸಾಕ್ಷ್ಯದಿಂದ ಕಂಡುಬರುತ್ತದೆ" ಎಂದು ಬರೆದಿರಿ. ಮನೆ ನಮಗಾಯಿತು. ಹುಚ್ಚು ಅವಳಿಗಾಯಿತು.

ಆ ಸಾಕ್ಷ್ಯ ನನ್ನದು. ಆದ್ದರಿಂದ ಅದು ಹೇಗೆ ಹುಟ್ಟಿತೆಂದು ಹೇಳುವ ಹೊಣೆಯೂ ನನ್ನದೇ.

ಮೊದಲು ಒಂದು ವಿಷಯ. ತಮ್ಮ ಇಲಾಖೆ ಕರಪತ್ರವೊಂದನ್ನು ಹಂಚುತ್ತದೆ. 'ನಿಮ್ಮ ಉಯಿಲಿನಲ್ಲಿ ಧರ್ಮಕ್ಕೂ ಒಂದು ಪಾಲಿರಲಿ' ಎಂಬ ಶೀರ್ಷಿಕೆ, ಮೇಲೊಂದು ದೀಪದ ಚಿತ್ರ. ಕೊಡಬೇಕೆಂದಿರುವ ಸಂಸ್ಥೆಯನ್ನು ಹತ್ತಿರದಿಂದ ನೋಡಿ ಆರಿಸಿಕೊಳ್ಳಿ, ಉದ್ದೇಶವನ್ನು ಬಿಡಿಸಿ ಬರೆಯಿರಿ, ಮನೆಯವರ ಪಾಲನ್ನು ಮರೆಯಬೇಡಿ, ಬದುಕಿರುವಾಗಲೇ ಅವರೊಂದಿಗೆ ಮಾತಾಡಿ ಎಂದೆಲ್ಲ ಅದರಲ್ಲಿದೆ. ಅದನ್ನು ಬರೆದವರು ಯಾರೋ ತಿಳಿಯದು, ಬರೆದದ್ದು ಒಳ್ಳೆಯ ಮಾತು. ಆದರೆ ಈ ಊರಿನಲ್ಲಿ ಅದನ್ನು ಅಕ್ಷರಶಃ ಪಾಲಿಸಿದವಳು ನನ್ನ ಚಿಕ್ಕಮ್ಮ ಒಬ್ಬಳೇ ಇರಬೇಕು. ಕರಪತ್ರವನ್ನು ಇಸ್ತ್ರಿ ಮೇಜಿನ ಎದುರಿಗೆ ಗೋಡೆಗೆ ಅಂಟಿಸಿಕೊಂಡಿದ್ದಳು. ಇಸ್ತ್ರಿಯ ಹಬೆಗೆ ಅದರ ಮೂಲೆಗಳು ಸುರುಟಿಕೊಳ್ಳುತ್ತಿದ್ದವು; ಆಗಾಗ ಅಂಗೈಯಲ್ಲಿ ಒತ್ತಿ ಸರಿಮಾಡುತ್ತಿದ್ದಳು.

ಮನೆಯವರೊಂದಿಗೆ ಮಾತಾಡಿ ಎಂದಿತ್ತಲ್ಲ, ಅದನ್ನೂ ಮಾಡಿದಳು. ಅಣ್ಣನನ್ನೂ ನನ್ನನ್ನೂ ಊಟಕ್ಕೆ ಕರೆದಳು. ತಟ್ಟೆಗಳನ್ನು ತೆಗೆದ ಮೇಲೆ ಕೈ ಒರೆಸಿಕೊಳ್ಳುತ್ತ ಹೇಳಿದಳು: "ನಿಮ್ಮಿಬ್ಬರಿಗೂ ಕೊಡಬೇಕಾದ್ದನ್ನ ಬದುಕಿದ್ದಾಗಲೇ ಕೊಟ್ಟಿದೀನಿ. ಅವನಿಗೆ ಕೆಲಸ ಕಲಿಸಿದೆ, ನಿನಗೆ ಅಂಗಡಿ ಹಾಕಿಸಿಕೊಟ್ಟೆ. ಈ ಮನೆ ಮಾತ್ರ ನಾನು ಮಂದಿರಕ್ಕೆ ಕೊಡ್ತೀನಿ. ಬೇಜಾರಿದ್ರೆ ಈಗಲೇ ಹೇಳ್ಬಿಡಿ. ನಾನು ಸತ್ತ ಮೇಲೆ ಹೇಳಿದ್ರೆ ನನಗೆ ಕೇಳ್ಸಲ್ಲ."

ಅಣ್ಣ ನಕ್ಕ. "ನಿನ್ನ ಮನೆ, ನಿನ್ನಿಷ್ಟ ಚಿಕ್ಕಮ್ಮ. ಈಗ್ಯಾಕೆ ಆ ಮಾತು" ಎಂದ. ನಾನು ಲೋಟ ತೊಳೆಯಲು ಎದ್ದೆ. ನಮ್ಮ ಕುಟುಂಬದಲ್ಲಿ ಒಪ್ಪಿಗೆ ಎಂದರೆ ಇಷ್ಟೇ: ಯಾರೋ ಒಬ್ಬರು ನಗುವುದು, ಇನ್ನೊಬ್ಬರು ಎದ್ದುಹೋಗುವುದು.

ಈ ಮನೆಯೇ ಯಾಕೆ, ಈ ಕೆಲಸಕ್ಕೇ ಯಾಕೆ ಎಂದು ತಾವು ವಿಚಾರಣೆಯ ದಿನ ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಹೇಳಬಲ್ಲವಳು ಆ ಕೋಣೆಯಲ್ಲೇ ಇದ್ದಳು. ನಾನು ಕನ್ನಡಕದ ಅಂಗಡಿಯವಳು. ಉಯಿಲಿಗೆ ಸಹಿ ಹಾಕುವ ಮುನ್ನ ಚಿಕ್ಕಮ್ಮ ನನ್ನ ಅಂಗಡಿಗೆ ಬಂದಿದ್ದಳು. ಹಳೆಯ ಕನ್ನಡಕವನ್ನು ಗಾಜಿನ ಮೇಜಿನ ಮೇಲಿಟ್ಟು, "ಇದು ಆಗಲ್ಲ ಕಣೇ. ಅಕ್ಷರ ಒಂದರೊಳಗೊಂದು ಕಲಸಿಕೊಳ್ಳುತ್ವೆ. ವಕೀಲರು ಓದಿ ಹೇಳ್ತೀನಿ ಅಂದ್ರು, ನಾನೇ ಬೇಡ ಅಂದೆ. ನಾನು ಕೊಡೋದನ್ನ ನಾನೇ ಓದಿ ಕೊಡ್ಬೇಕು" ಎಂದಳು.

ಕಣ್ಣು ಪರೀಕ್ಷೆಗೆ ಕೂರಿಸಿದೆ. ಒಂದೊಂದೇ ಗಾಜು ಬದಲಿಸುತ್ತ, ಹೀಗೆ ಚೆನ್ನಾಗಿ ಕಾಣುತ್ತಾ, ಹೀಗೆ ಕಾಣುತ್ತಾ ಎಂದು ಕೇಳುತ್ತಿದ್ದೆ. ನಡುವೆ ಅವಳು ತಾನಾಗಿಯೇ ಚಿಕ್ಕಪ್ಪನ ವಿಷಯ ಎತ್ತಿದಳು. ಚಿಕ್ಕಪ್ಪ ಹೊಲಿಗೆ ಯಂತ್ರದ ಬಿಡಿಭಾಗಗಳನ್ನು ಊರೂರಿಗೆ ಒಯ್ದು ಮಾರುತ್ತಿದ್ದರು. ಯಾವುದೋ ದೂರದ ಊರಿನ ವಸತಿಗೃಹದಲ್ಲಿ ಒಬ್ಬರೇ ಇದ್ದಾಗ ಎದೆನೋವು ಬಂದು ತೀರಿಕೊಂಡರು. ಗುರುತು ಪತ್ತೆಯಾಗಿ ಅವರ ದೇಹವಿದ್ದ ಪೆಟ್ಟಿಗೆ ನಮ್ಮೂರಿಗೆ ಬರುವ ಹೊತ್ತಿಗೆ ದಿನಗಳು ಕಳೆದಿದ್ದವು. ಇಷ್ಟು ನನಗೆ ಗೊತ್ತಿತ್ತು. ಮುಂದಿನದ್ದು ಗೊತ್ತಿರಲಿಲ್ಲ.

"ಪೆಟ್ಟಿಗೆ ತೆಗೆಯೋಕೆ ನನಗೆ ಧೈರ್ಯ ಇರ್ಲಿಲ್ಲ. ಹೆಂಗಿರ್ತಾರೋ ಏನೋ ಅಂತ. ತೆಗೆದು ನೋಡಿದ್ರೆ ಯಾರೋ ಸ್ನಾನ ಮಾಡ್ಸಿದಾರೆ. ಮುಖ ಕ್ಷೌರ ಮಾಡಿದಾರೆ. ತಲೆ ಬಾಚಿದಾರೆ, ಬೈತಲೆ ಮಾತ್ರ ಬೇರೆ ಕಡೆಗೆ ತೆಗೆದಿದ್ರು. ಪಾಪ, ಅವ್ರಿಗೆ ಹೇಗೆ ಗೊತ್ತಾಗ್ಬೇಕು. ಅಂಗಿ ನಮ್ಮನೆಯವರದ್ದಲ್ಲ. ಆದ್ರೆ ಕಾಲರ್ ನೋಡ್ದೆ. ಒಳಮಗ್ಗುಲಿಂದ ಇಸ್ತ್ರಿ ಹಾಕಿ ಆಮೇಲೆ ಮಡಚಿದ ಕಾಲರ್. ಅದು ಯಾರೂ ನೋಡದ ಜಾಗ ಕಣೇ. ಮಣ್ಣಿಗೆ ಹೋಗೋ ಅಂಗಿಗೆ ಯಾರು ಅಷ್ಟು ಮಾಡ್ತಾರೆ? ಅಲ್ಲಿನ ಪ್ರಾರ್ಥನಾ ಮಂದಿರದವರು ಅಂತ ಆಮೇಲೆ ಗೊತ್ತಾಯ್ತು. ಅವರ ಮುಖ ನಾನು ನೋಡಿಲ್ಲ, ಅವರಿಗೂ ನಾನ್ಯಾರು ಅಂತ ಗೊತ್ತಿಲ್ಲ."

ಆಮೇಲೆ ನಾನು ಹಾಕಿದ ಗಾಜಿನೊಳಗಿಂದ ಗೋಡೆಯ ಅಕ್ಷರಗಳನ್ನು ಮೇಲಿನ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿದಳು. ಕೊನೆಯ ಸಾಲನ್ನು ನನ್ನ ಎಷ್ಟೋ ಗಿರಾಕಿಗಳು ಓದುವುದಿಲ್ಲ.

ಆ ಕನ್ನಡಕಕ್ಕೆ ಗಾಜನ್ನು ನಾನೇ ಅರೆದು ಕೂರಿಸಿದೆ. ಅದನ್ನು ಹಾಕಿಕೊಂಡು ಅವಳು ತನ್ನ ಉಯಿಲನ್ನು ಓದಿದಳು. ಒಂದು ಕಡೆ 'ಶವ' ಎಂದು ಬರೆದದ್ದನ್ನು ಹೊಡೆದು ಹಾಕಿಸಿ 'ತೀರಿಕೊಂಡವರು' ಎಂದು ಬರೆಸಿದಳಂತೆ. ಬುದ್ಧಿ ಸ್ವಾಧೀನದಲ್ಲಿಲ್ಲದ ಹೆಂಗಸು ಮಾಡುವ ಕೆಲಸವೇ ಇದು, ಮಾನ್ಯರೇ?

ಹಾಗಾದರೆ ನಾವು ಯಾಕೆ ತಕರಾರು ಹಾಕಿದೆವು? ಅಣ್ಣನ ಮೇಲೆ ಎಲ್ಲವನ್ನೂ ಹೊರಿಸಿ ನಾನು ಪಾರಾಗಬಹುದು. ಅವನು ಫ್ರಿಜ್ ರಿಪೇರಿ ಮಾಡುವವನು. ಅವನ ಕಾರ್ಖಾನೆ ಇದ್ದ ಕಟ್ಟಡವನ್ನು ಮಾಲೀಕರು ಕೆಡವುತ್ತೇವೆಂದು ಹೇಳಿದ್ದರು. ಅವನ ತಲೆಯೊಳಗೆ ಚಿಕ್ಕಮ್ಮನ ಅಂಗಡಿಯ ಅಗಲ ಉದ್ದ ಸುತ್ತುತ್ತಿತ್ತು. "ಹೆಣ ತೊಳೆಯೋಕೆ ಮನೆ ಕೊಟ್ಟಿದಾಳೆ ಅಂದ್ರೆ ತಲೆ ಕೆಟ್ಟಿತ್ತು ಅಂತಲೇ ಅರ್ಥ. ಆ ಮಂದಿರದ ಗುರುಗಳು ಮಂಕುಬೂದಿ ಎರಚಿದಾರೆ. ನೀನೊಂದು ಮಾತು ಹೇಳು ಸಾಕು, ನಿನ್ನ ಮಾತನ್ನ ಜನ ನಂಬ್ತಾರೆ" ಎಂದ. ನಾನು ಬೇಡ ಎನ್ನಲಿಲ್ಲ. ನನಗೂ ಒಳಗೊಳಗೇ ಉರಿಯಿತ್ತು. ನಾನು ಆಡಿ ಬೆಳೆದ ಜಾಗ, ತೊಟ್ಟಿಗಳ ನಡುವೆ ಬಚ್ಚಿಟ್ಟುಕೊಂಡ ಜಾಗ. ಅಲ್ಲಿ ಅಪರಿಚಿತರ ಹೆಣಗಳು. ಅವಳಿಗೆ ನಾವಿಬ್ಬರು ಸಾಲಲಿಲ್ಲವೇ ಎಂಬ ಮಕ್ಕಳಾಟಿಕೆಯ ಹೊಟ್ಟೆಕಿಚ್ಚು. ನನ್ನ ಪಾಲಿನ ಸಿಟ್ಟಿಗೆ ಫ್ರಿಜ್‌ಗಳ ನೆಪವೂ ಇರಲಿಲ್ಲ.

ಈಗ ವಿಚಾರಣೆಯ ದಿನಕ್ಕೆ ಬರುತ್ತೇನೆ. ನಮಗಿಂತ ಮೊದಲು ತಮ್ಮ ಮುಂದೆ ಇನ್ನೊಂದು ದತ್ತಿ ಇತ್ತು. ಬಟ್ಟೆ ವ್ಯಾಪಾರಿಯೊಬ್ಬರು ತಮ್ಮ ಗೋದಾಮನ್ನು ಅದೇ ಮಂದಿರಕ್ಕೆ ಬಿಟ್ಟುಹೋಗಿದ್ದರು: ಅದನ್ನು ಮಾರಿ ಮಂದಿರದ ಮುಂಬಾಗಿಲಿಗೆ ಅಮೃತಶಿಲೆ ಹಾಕಿಸಬೇಕು, ಶಿಲೆಯ ಮೇಲೆ ತಮ್ಮ ಹೆಸರು ಕೆತ್ತಿಸಬೇಕು. ತಾವು "ಪುಣ್ಯವಂತರು" ಎಂದಿರಿ, ಮುದ್ರೆ ಒತ್ತಿದಿರಿ. ಆ ಪುಣ್ಯವಂತರ ಬುದ್ಧಿ ಸ್ವಾಧೀನದಲ್ಲಿತ್ತೇ ಎಂದು ಯಾರಿಗೂ ಕೇಳಬೇಕೆನ್ನಿಸಲಿಲ್ಲ. ಕಲ್ಲಿಗೆ ಹೆಸರು ಬರೆಸುವವರ ತಲೆ ನಮ್ಮಲ್ಲಿ ಯಾವತ್ತೂ ಸರಿಯಿರುತ್ತದೆ.

ಆಮೇಲೆ ನಮ್ಮ ಕಡತ ತೆರೆದಿರಿ. ಉದ್ದೇಶದ ಸಾಲನ್ನು ಓದಿ ಕನ್ನಡಕದ ಮೇಲಿನಿಂದ ಕೋಣೆಯನ್ನೆಲ್ಲ ನೋಡಿ, "ಇದಕ್ಕೆ ಮನೆ ಬಿಟ್ಟುಕೊಡ್ತಾರಾ ಯಾರಾದ್ರೂ? ಬಾಡಿಗೆ ಕೊಡೋರು ಯಾರು, ಆ ಸತ್ತೋರೇನಾ?" ಎಂದಿರಿ. ಕೋಣೆ ನಕ್ಕಿತು. ನಾನೂ ನಕ್ಕೆ. ಅದು ತಮ್ಮ ಕಡತದಲ್ಲಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ನನ್ನನ್ನು ಎದೆಗವಚಿಕೊಂಡು ಸಾಕಿದ ಹೆಂಗಸಿನ ಕೊನೆಯ ಆಸೆಗೆ ನಾನು ಸರಕಾರಿ ಕೋಣೆಯೊಂದರಲ್ಲಿ, ಗುರುತಿಲ್ಲದವರ ಜೊತೆ ಸೇರಿ, ಹಲ್ಲು ಕಾಣುವ ಹಾಗೆ ನಕ್ಕಿದ್ದೇನೆ.

ಮಂದಿರದ ಗುರುಗಳು ಎದ್ದು ನಿಂತು ಏನೋ ಹೇಳಹೊರಟರು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ ಎಂದು ಕೂರಿಸಿದಿರಿ. ಆದರೆ ಕೇಳಲೂ ಇಲ್ಲ. ನನ್ನ ಕಡೆ ತಿರುಗಿ ಒಂದೇ ಒಂದು ಪ್ರಶ್ನೆ ಹಾಕಿದಿರಿ.

"ಕೊನೆಗಾಲದಲ್ಲಿ ಅವರು ನಿಮ್ಮನ್ನ ಗುರುತು ಹಿಡೀತಿದ್ರಾ?"

ನಾನು, "ಕೆಲವು ಸಲ ಇಲ್ಲ. ಒಂದು ಸಲ ನಮ್ಮಮ್ಮ ಅಂದುಕೊಂಡು ಮಾತಾಡಿಸಿದ್ರು" ಎಂದೆ.

ಅದು ಸುಳ್ಳಲ್ಲ. ಕನ್ನಡಕ ತೆಗೆದಾಗಲೆಲ್ಲ ಅವಳಿಗೆ ದೂರದ ಮುಖಗಳು ತಿಳಿಯುತ್ತಿರಲಿಲ್ಲ. ಉಯಿಲಿಗೆ ಮುನ್ನ ಅವಳು ಬಂದ ಆ ದಿನ ಅಂಗಡಿಯಲ್ಲಿ ಹೊಸ ಕನ್ನಡಕದ ಅಳತೆಗೆಂದು ಹಳೆಯದನ್ನು ತೆಗೆಸಿ ಕೂರಿಸಿದ್ದೆ. ಅಳತೆಪಟ್ಟಿ ತರಲು ಒಳಗೆ ಹೋಗಿ ಬರುವಾಗ ಬಾಗಿಲಲ್ಲಿ ಬೆಳಕು ನನ್ನ ಬೆನ್ನಿಗಿತ್ತು. ನನ್ನದು ಅಮ್ಮನದೇ ಮೈಕಟ್ಟು. ಚಿಕ್ಕಮ್ಮ ಕಣ್ಣು ಕಿರಿದು ಮಾಡಿ, "ಅಕ್ಕಾ, ಯಾವಾಗ ಬಂದೆ?" ಎಂದಳು. ಮರುಕ್ಷಣವೇ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನೋಡೇ, ಕನ್ನಡಕ ತೆಗೆದ್ರೆ ನನಗೆ ಸತ್ತೋರೂ ಕಾಣ್ತಾರೆ. ದೊಡ್ಡ ಅನುಕೂಲ" ಎಂದಳು. ಕನ್ನಡಕ ತೆಗೆದರೆ ಅಷ್ಟು ದೂರದಿಂದ ತಾವೂ ನನ್ನನ್ನು ಗುರುತು ಹಿಡಿಯಲಾರಿರಿ, ಮಾನ್ಯರೇ. ತಮ್ಮ ಗಾಜಿನ ದಪ್ಪ ನೋಡಿದ್ದೇನೆ. ಇದು ಕಣ್ಣಿನ ಮಾತು, ಬುದ್ಧಿಯ ಮಾತಲ್ಲ ಎಂಬುದು ಆ ಕೋಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿದ್ದದ್ದು ನನಗೆ. ನಾನು ಅರ್ಧ ಹೇಳಿ ಬಾಯಿ ಮುಚ್ಚಿಕೊಂಡೆ. ತಾವು ಅರ್ಧ ಕೇಳಿ ಬರೆದುಕೊಂಡಿರಿ. ಇಬ್ಬರಿಗೂ ಊಟದ ಹೊತ್ತಾಗಿತ್ತು.

ಮಂದಿರದವರು ಮೇಲ್ಮನವಿ ಹಾಕಲಿಲ್ಲ. ಅಣ್ಣನ ಫ್ರಿಜ್‌ಗಳು ಬಂದವು. ಚಿಕ್ಕಮ್ಮನ ಅಂಗಡಿಯ ನೆಲ ನಡುವಿನ ಕಾಲುವೆಯ ಕಡೆಗೆ ಇಳಿಜಾರಾಗಿದೆ, ನೀರು ನಿಲ್ಲದಿರಲೆಂದು. ಫ್ರಿಜ್‌ಗಳು ನೆಟ್ಟಗೆ ನಿಲ್ಲದೆ ಅವುಗಳ ಕಾಲಿಗೆ ಹಲಗೆ ಚೂರು ಕೊಡಬೇಕಾಯಿತು. ಗೋಡೆಯ ಕರಪತ್ರವನ್ನು ಅಣ್ಣ ಕಿತ್ತ. ನಾನು ನೋಡುತ್ತ ನಿಂತಿದ್ದೆ. ಜೀವನ ತನ್ನ ಪಾಡಿಗೆ ನಡೆಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಆಸ್ಪತ್ರೆಯಿಂದ ಫೋನ್ ಬಂತು. ಯಾರೋ ವಯಸ್ಸಾದವರು ರಸ್ತೆಯಲ್ಲಿ ಕುಸಿದುಬಿದ್ದು ತೀರಿಕೊಂಡಿದ್ದಾರೆ, ಜೇಬಿನಲ್ಲಿ ನಿಮ್ಮ ಅಂಗಡಿಯ ಹೆಸರಿರುವ ಕನ್ನಡಕದ ಡಬ್ಬಿ ಬಿಟ್ಟು ಇನ್ನೇನೂ ಇಲ್ಲ, ಬಂದು ನೋಡಬಹುದೇ ಎಂದು ಕೇಳಿದರು. ಹೋದೆ. ನೋಡಿದ ಕೂಡಲೇ ತಿಳಿಯಿತು. ದೊಡ್ಡ ಕಟ್ಟಡವೊಂದರಲ್ಲಿ ಲಿಫ್ಟ್ ನಡೆಸಿ ನಿವೃತ್ತರಾದವರು. ಅವರ ಕನ್ನಡಕದ ತಿರುಪು ಮತ್ತೆ ಮತ್ತೆ ಸಡಿಲವಾಗುತ್ತಿತ್ತು; ಬಿಗಿ ಮಾಡಿಸಿಕೊಂಡು, "ಮೇಲಕ್ಕೆ ಹೋಗ್ಬೇಕಾ, ಕೆಳಕ್ಕಾ?" ಎಂದು ನನ್ನನ್ನೇ ತಮಾಷೆ ಮಾಡಿ ಹೋಗುತ್ತಿದ್ದರು. ತಿರುಪನ್ನು ಅವರೇ ಸಡಿಲ ಮಾಡಿಕೊಂಡು ಬರುತ್ತಿದ್ದರೆಂದು ನನಗೆ ಗೊತ್ತಿತ್ತು. ಮಾತಾಡಲು ಬೇರೆ ಯಾರೂ ಇರಲಿಲ್ಲ. ಅವರು ಬಾಡಿಗೆಗಿದ್ದ ಕೋಣೆಯ ಅಕ್ಕಪಕ್ಕದಲ್ಲಿ ಆಸ್ಪತ್ರೆಯವರು ವಿಚಾರಿಸಿದರು. ಸಂಬಂಧಿಕರೆಂದು ಯಾರೂ ಸಿಗಲಿಲ್ಲ.

ಆಸ್ಪತ್ರೆಯವರು ದೇಹವನ್ನು ಮಂದಿರಕ್ಕೆ ಒಪ್ಪಿಸಿದರು. ನಾನು ಹಿಂದೆಯೇ ಹೋದೆ. ಯಾಕೆ ಹೋದೆನೋ, ಮನೆಗೆ ಹೋಗಲು ಕಾಲು ಬರಲಿಲ್ಲ.

ಮಂದಿರದ ಹಿತ್ತಲು ತಾವು ನೋಡಿರಲಾರಿರಿ. ಅಮೃತಶಿಲೆ ಮುಂಬಾಗಿಲಿನಲ್ಲಿದೆ. ಹಿಂದೆ, ಎರಡು ಕಟ್ಟಡಗಳ ನಡುವಿನ ಓಣಿಯಂಥ ಜಾಗದಲ್ಲಿ, ಎರಡು ಸ್ಟೂಲುಗಳ ಮೇಲೆ ಒಂದು ಹಲಗೆ. ಸುತ್ತ ಹಗ್ಗ ಕಟ್ಟಿ ಚಾದರ ಇಳಿಬಿಟ್ಟಿದ್ದರು. ಗಾಳಿ ಬೀಸುತ್ತಿತ್ತು. ಒಂದು ಚಾದರ ಹಾರಿ ಹಾರಿ ಬೀಳುತ್ತಿದ್ದುದನ್ನು ನೋಡಿ ಗುರುಗಳು, "ಅಮ್ಮಾ, ಈ ತುದಿ ಸ್ವಲ್ಪ ಹಿಡ್ಕೊಳ್ತೀರಾ? ಮುಖ ಆ ಕಡೆ ಮಾಡಿ ನಿಂತ್ಕೊಳ್ಳಿ" ಎಂದರು. ನಾನು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತುದಿ ಹಿಡಿದು ಗೋಡೆಯ ಕಡೆ ಮುಖ ಮಾಡಿ ನಿಂತೆ. ಹಿಂದೆ ನೀರಿನ ಸದ್ದು. ಕೊಳವೆಯ ನೀರು ಕೊರೆಯುವಷ್ಟು ತಣ್ಣಗಿತ್ತು. ಹನಿ ನನ್ನ ಹಿಮ್ಮಡಿಗೆ ಸಿಡಿದಾಗ ತಿಳಿಯಿತು. ಗುರುಗಳು ಮೆಲ್ಲಗೆ ಮಾತಾಡುತ್ತಿದ್ದರು. ನನ್ನ ಜೊತೆ ಅಂದುಕೊಂಡೆ. ಅಲ್ಲ. "ಸ್ವಲ್ಪ ತಣ್ಣಗಿದೆ ಯಜಮಾನ್ರೇ, ಸಹಿಸ್ಕೊಳ್ಳಿ. ಆಯ್ತು, ಆಯ್ತು. ಈಗ ಕೈ ಎತ್ತುತೀನಿ" ಎಂದು ತೀರಿಕೊಂಡವರಿಗೆ ಹೇಳುತ್ತಿದ್ದರು. ಮೇಲಿನ ಮಹಡಿಯಲ್ಲಿ ಯಾರೋ ಬಗ್ಗಿ ನೋಡಿ ಕಿಟಕಿಯನ್ನು ದಢಾರನೆ ಮುಚ್ಚಿದರು. ನೀರು ಚಾದರದ ಅಡಿಯಿಂದ ಹರಿದು ಬೀದಿಗೆ ಹೋಯಿತು. ಬೀದಿಯಲ್ಲಿ ಹೋಗುವವರು ಅದನ್ನು ತುಳಿಯದಂತೆ ಹಾರಿಕೊಂಡು, ಮೂಗು ಮುಚ್ಚಿಕೊಂಡು ಹೋದರು. ನನ್ನ ಅಂಗಡಿಯಲ್ಲಿ ನಗಿಸಿ ಹೋಗುತ್ತಿದ್ದ ಮನುಷ್ಯನ ಕೊನೆಯ ಸ್ನಾನ ಅದು.

ಆ ಹಲಗೆಯಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ಇಳಿಜಾರು ನೆಲದ, ಬಿಸಿನೀರಿನ ಹಂಡೆಯಿರುವ, ಉದ್ದನೆಯ ಕಲ್ಲು ಮೇಜಿನ, ಓಣಿಗೆ ಪ್ರತ್ಯೇಕ ಬಾಗಿಲಿರುವ ಒಂದು ಕೋಣೆ ಇತ್ತು. ಅದರೊಳಗೆ ಕೆಟ್ಟ ಫ್ರಿಜ್‌ಗಳು ಒಣಗಿಕೊಂಡು ಬೆಚ್ಚಗಿದ್ದವು.

ಎಲ್ಲ ಮುಗಿದ ಮೇಲೆ ಗುರುಗಳು ಕೈ ಒರೆಸಿಕೊಳ್ಳುತ್ತ ಬಂದರು. ಮೇಲ್ಮನವಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

"ಕೊಟ್ಟಿದ್ದನ್ನ ತಗೊಳ್ಳೋದು ನಮ್ಮ ಕೆಲಸ. ಜಗಳ ಆಡಿ ತಗೊಂಡ್ರೆ ಅದು ಬೇರೆ ಏನೋ ಆಗುತ್ತೆ" ಎಂದರು. ಚಾದರ ಮಡಚುತ್ತ, "ಅವತ್ತು ವಿಚಾರಣೇಲಿ ನಾನು ಹೇಳೋಕೆ ಹೋಗಿದ್ದು ಇಷ್ಟೇ. ಮಕ್ಕಳಿಗೆ ಬಿಡಿ, ನಮಗೆ ಬೇಡ ಅಂತ ಅವರಿಗೆ ಮೊದಲು ಹೇಳಿದ್ದೆ. ಅದಕ್ಕೆ ಅವರು, ನನ್ನ ಮಕ್ಕಳು ಒಳ್ಳೇವ್ರು, ತಪ್ಪು ತಿಳಿಯಲ್ಲ ಅಂದ್ರು" ಎಂದರು.

ಮಂಕುಬೂದಿ ಎರಚಿದವರ ಮಾತು ಇದು.

ಅಣ್ಣನ ಹತ್ತಿರ ಹೋಗಿ, ಮನೆ ಬಿಟ್ಟುಕೊಡೋಣ ಎಂದೆ. ಅವನು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಡಲಿಲ್ಲ. "ಬಿಡೋಣ. ಈ ಫ್ರಿಜ್‌ಗಳನ್ನ ನಿನ್ನ ಅಂಗಡಿಯೊಳಗೆ ಇಟ್ಕೊಳ್ತೀಯಾ?" ಎಂದ. ನಾನು ಲಿಫ್ಟಿನವರ ಕಥೆ ಹೇಳಿದೆ. ಚಿಕ್ಕಪ್ಪನ ಕಾಲರಿನ ಕಥೆಯನ್ನೂ ಹೇಳಿದೆ. ಅದು ಅವನಿಗೆ ಗೊತ್ತಿರಲಿಲ್ಲ. ಫ್ರಿಜ್ಜಿನ ಹಿಂಬದಿಯ ನಟ್ಟೊಂದನ್ನು ಬಿಗಿಮಾಡಿದ. ಆಮೇಲೆ ಹೇಳಿದ: "ನಾನು ಆ ಕಚೇರಿಗೆ ಬಂದು ಚಿಕ್ಕಮ್ಮಂಗೆ ಹುಚ್ಚಿರ್ಲಿಲ್ಲ ಅಂತ ಹೇಳಲ್ಲ. ಹೇಳಿದ್ರೆ ಅವತ್ತು ನಾನೇನು ಮಾಡ್ದೆ ಅಂತ ನಾನೇ ಕೇಳ್ಕೋಬೇಕಾಗುತ್ತೆ. ಅದು ನನ್ನಿಂದಾಗಲ್ಲ. ನೀನು ಹೇಳೋ ಹಾಗಿದ್ರೆ ಹೇಳು. ನಾನು ಅಡ್ಡ ಬರಲ್ಲ." ನನ್ನ ಅಣ್ಣ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನನಗೆ ಈ ಪತ್ರ ಬರೆಯುವುದು ಸುಲಭವಾಗುತ್ತಿತ್ತು.

ಹಾಗೆ ತಮ್ಮ ಕಚೇರಿಗೆ ಮರುಪರಿಶೀಲನೆಯ ಅರ್ಜಿ ತಂದೆ. ಕೆಲವು ವಾರಗಳ ಅಲೆದಾಟದ ಮೇಲೆ ಬಂದ ಉತ್ತರ ಹೀಗಿದೆ: ಮರುಪರಿಶೀಲನೆ ಕೋರುವ ಹಕ್ಕು ಆದೇಶದಿಂದ ನೊಂದವರಿಗೆ ಮಾತ್ರ ಇದೆ, ಅರ್ಜಿದಾರರು ಆದೇಶದ ಫಲಾನುಭವಿಯಾಗಿರುವುದರಿಂದ ನೊಂದವರಲ್ಲ, ಅರ್ಜಿ ವಜಾ. ನಾನು ನೊಂದಿದ್ದೇನೆಯೋ ಇಲ್ಲವೋ ಎಂಬುದನ್ನು ತಮ್ಮ ಕಚೇರಿ ನನಗಿಂತ ಚೆನ್ನಾಗಿ ಬಲ್ಲದು. ಸತ್ತವಳ ಬುದ್ಧಿಯನ್ನು ಕಾಣದೆಯೇ ಅಳೆದವರಿಗೆ ಬದುಕಿರುವವಳ ನೋವನ್ನು ಅಳೆಯುವುದು ಯಾವ ಮಹಾ ಕೆಲಸ?

ಕಿಟಕಿಯ ಗುಮಾಸ್ತರು ಕನಿಕರದಿಂದ ಒಂದು ದಾರಿ ತೋರಿಸಿದರು. "ಕೊಡ್ಲೇಬೇಕು ಅಂತಿದ್ರೆ ನೀವೇ ಕೊಟ್ಬಿಡಿ ಅಮ್ಮಾ. ದಾನಪತ್ರ ಮಾಡ್ಸಿ. ಅದಕ್ಕೆ ಬೇಗ ಮಂಜೂರಾತಿ ಸಿಗುತ್ತೆ. ಹೆಸರಿನ ಕಲ್ಲೂ ಹಾಕಿಸ್ಕೋಬಹುದು." ಇದನ್ನು ಓದುವ ಅನೇಕರೂ ಅದನ್ನೇ ಕೇಳುತ್ತಿರಬಹುದು: ಇಷ್ಟೊಂದು ಗೋಳು ಯಾಕೆ, ಕೊಟ್ಟು ಕೈ ತೊಳೆದುಕೊಳ್ಳಬಾರದೇ?

ಕೊಡಬಹುದು. ಆಗ ಮನೆ ಮಂದಿರಕ್ಕೆ ಸೇರುತ್ತದೆ. ಆದರೆ ಅದು ನನ್ನ ದಾನವಾಗುತ್ತದೆ. ಕಂಡವರು ನನ್ನನ್ನು ಪುಣ್ಯವಂತೆ ಎನ್ನುತ್ತಾರೆ. ತಮ್ಮ ಕಡತದಲ್ಲಿ ಚಿಕ್ಕಮ್ಮ ತಲೆಕೆಟ್ಟ ಮುದುಕಿಯಾಗಿಯೇ ಉಳಿಯುತ್ತಾಳೆ. ಮೊದಲು ಅವಳ ಮನೆಯನ್ನು ತೆಗೆದುಕೊಂಡೆ. ಈಗ ಅವಳು ಕೊಟ್ಟದ್ದನ್ನೂ ನನ್ನ ಹೆಸರಿಗೆ ಬರೆಸಿಕೊಳ್ಳಲೇ? ಅವಳ ಬಳಿ ಇದ್ದದ್ದೇ ಒಂದು ಮನೆ, ಅವಳು ತೀರಿಸಬೇಕೆಂದುಕೊಂಡದ್ದೇ ಒಂದು ಋಣ. ಅದನ್ನು ಅವಳ ಪರವಾಗಿ ನಾನು ತೀರಿಸಿದೆನೆಂದು ಹೇಳಿಕೊಳ್ಳುವುದು ಕಳ್ಳತನದ ಮೇಲೆ ಇನ್ನೊಂದು ಕಳ್ಳತನ. ಗುರುಗಳನ್ನು ಕೇಳಿದೆ. "ನೀವು ಕೊಟ್ರೆ ತಗೊಳ್ತೀವಿ. ಆದ್ರೆ ಅದು ಅವರು ಕೊಟ್ಟಿದ್ದು ಆಗಲ್ಲ. ಅದು ನಿಮಗೂ ಗೊತ್ತು, ಇಲ್ದಿದ್ರೆ ಬಂದು ಕೇಳ್ತಿರ್ಲಿಲ್ಲ" ಎಂದರು.

ಇನ್ನೊಂದು ಸಂಗತಿಯನ್ನೂ ಮುಚ್ಚಿಡುವುದಿಲ್ಲ. ತಮ್ಮ ಮಂಜೂರಾತಿಗೆ ಕಾಯುತ್ತ ಕೂರಲು ಸತ್ತವರಿಗೆ ಬಿಡುವಿಲ್ಲ. ಹೋದ ತಿಂಗಳು ಅಣ್ಣ ತಾನಾಗಿಯೇ ಫ್ರಿಜ್‌ಗಳನ್ನು ಒಂದು ಗೋಡೆಗೆ ಸರಿಸಿ, ನಡುವೆ ಪರದೆ ಹಾಕಿ, ಓಣಿಯ ಕಡೆಯ ಬಾಗಿಲಿನ ಚಿಲಕಕ್ಕೆ ಎಣ್ಣೆ ಬಿಟ್ಟ. ಕೀಲಿಯನ್ನು ನನ್ನ ಅಂಗಡಿಯ ಮೇಜಿನ ಮೇಲಿಟ್ಟು, ನಾನು ಏನೂ ಕೇಳುವ ಮೊದಲೇ ಹೊರಟುಹೋದ. ಅಂದಿನಿಂದ ಮಂದಿರದವರು ಚಿಕ್ಕಮ್ಮನ ಕಲ್ಲು ಮೇಜಿನ ಮೇಲೆ ಆ ಕೆಲಸ ಮಾಡುತ್ತಿದ್ದಾರೆ. ಮೊದಲು ಬಂದವಳು ರೈಲು ನಿಲ್ದಾಣದಲ್ಲಿ ತೀರಿಕೊಂಡ ಒಬ್ಬ ಹೆಂಗಸು. ಅವಳು ಎಲ್ಲಿಯವಳೋ, ಎಲ್ಲಿಗೆ ಹೊರಟಿದ್ದಳೋ ಯಾರಿಗೂ ಗೊತ್ತಾಗಲಿಲ್ಲ. ಹೆಂಗಸಾದ್ದರಿಂದ ನಾನೂ ಕೈಹಾಕಿದೆ. ಹಂಡೆಯಲ್ಲಿ ನೀರು ಕಾಯಿಸಿದೆವು. ಚಿಕ್ಕಮ್ಮ ಕಲಿಸಿದ್ದ ಹಾಗೆ, ಅವಳಿಗೆ ತೊಡಿಸಲು ತಂದ ಅಂಗಿಯ ಕಾಲರನ್ನು ಒಳಗಿನಿಂದ ಇಸ್ತ್ರಿ ಮಾಡಲು ಹೋಗಿ ನನ್ನ ಬೆರಳು ಸುಟ್ಟುಕೊಂಡೆ. ಆ ಹೆಂಗಸು ಬೈತಲೆ ಯಾವ ಕಡೆಗೆ ತೆಗೆಯುತ್ತಿದ್ದಳೋ ತಿಳಿಯದೆ ಸುಮ್ಮನೆ ಹಿಂದಕ್ಕೆ ಬಾಚಿದೆ. ಮಂಜೂರಾತಿಯಿಲ್ಲದ ಜಾಗದಲ್ಲಿ ಧಾರ್ಮಿಕ ಕಾರ್ಯ ನಡೆಸುವುದು ತಮ್ಮ ನಿಯಮಗಳಿಗೆ ವಿರುದ್ಧವೆಂದು ಬಲ್ಲೆ. ನಡೆಸುತ್ತಿದ್ದೇವೆ. ಬಂದು ನೋಡಿ, ಬರುವಾಗ ಮುಂಬಾಗಿಲಿನ ಅಮೃತಶಿಲೆಯ ಕಡೆಯಿಂದ ಬರಬೇಡಿ, ಅಲ್ಲಿಂದ ದಾರಿಯಿಲ್ಲ.

ಇದರಿಂದ ನನ್ನ ಮನಸ್ಸು ಹಗುರಾಯಿತೆಂದು ತಿಳಿಯಬೇಡಿ. ಆ ಹೆಂಗಸಿನ ಕಾಲಿಗೆ ಬಿಸಿನೀರು ಹಾಕುವಾಗಲೂ ನನ್ನ ಕಿವಿಯಲ್ಲಿದ್ದದ್ದು ತಮ್ಮ ಕೋಣೆಯ ನಗು, ಅದರೊಳಗೆ ನನ್ನ ದನಿ. ಒಳ್ಳೆಯ ಕೆಲಸ ಮಾಡಿದರೆ ಹಳೆಯದು ಅಳಿಸಿಹೋಗುತ್ತದೆ ಎಂದು ನಂಬುವಷ್ಟು ನಾನು ಅಮಾಯಕಳಲ್ಲ. ತೊಳೆದರೆ ಹೋಗುವ ಕಲೆ ಯಾವುದು, ಹೋಗದ ಕಲೆ ಯಾವುದು ಎಂದು ಗೊತ್ತಿದ್ದ ಮನೆಯಲ್ಲಿ ಬೆಳೆದವಳು ನಾನು.

ಈಗ ನನ್ನ ಬೇಡಿಕೆ. ನನ್ನನ್ನು ಮತ್ತೆ ಕರೆಸಿ. ಅರ್ಧ ಹೇಳಿದ್ದನ್ನು ಪೂರ್ತಿ ಹೇಳುತ್ತೇನೆ. ಕನ್ನಡಕ ಮಾಡಿಸಿಕೊಂಡದ್ದು, ಕೊನೆಯ ಸಾಲು ಓದಿದ್ದು, ಉಯಿಲಿನಲ್ಲಿ ಒಂದು ಪದ ತಿದ್ದಿಸಿದ್ದು, ನಮ್ಮಿಬ್ಬರನ್ನು ಕೂರಿಸಿಕೊಂಡು ಕೇಳಿದ್ದು, ಎಲ್ಲ. ಆದೇಶವನ್ನು ರದ್ದು ಮಾಡಿ, ಅವಳ ಬುದ್ಧಿಯ ಬಗ್ಗೆ ಬರೆದ ಆ ಸಾಲನ್ನು ಹೊಡೆದುಹಾಕಿ, ಅವಳು ಕೊಟ್ಟದ್ದನ್ನು ಅವಳು ಕೊಟ್ಟದ್ದೆಂದೇ ಮಂದಿರಕ್ಕೆ ಸೇರಿಸಿ.

ನೊಂದವಳಲ್ಲದವಳ ಮಾತಿನ ಮೇಲೆ ಕಡತ ತೆರೆಯಲು ನಿಯಮವಿಲ್ಲವೆಂದು ತಾವು ಹೇಳಬಹುದು. ಅದಕ್ಕೂ ಒಂದು ದಾರಿ ಹುಡುಕಿದ್ದೇನೆ. ಅಧಿಕಾರಿಯ ಮುಂದೆ ಸತ್ಯವನ್ನು ಮರೆಮಾಚಿ ಸಾಕ್ಷಿ ನುಡಿಯುವುದು ಅಪರಾಧವಂತೆ. ಅದಕ್ಕೆ ಶಿಕ್ಷೆಯೂ ಇದೆಯಂತೆ. ಈ ಪತ್ರವೇ ನನ್ನ ತಪ್ಪೊಪ್ಪಿಗೆ. ನನ್ನ ಮೇಲೆ ಮೊಕದ್ದಮೆ ಹೂಡಿ. ನಾನು ಏನನ್ನೂ ಅಲ್ಲಗಳೆಯುವುದಿಲ್ಲ, ವಕೀಲರನ್ನೂ ಇಟ್ಟುಕೊಳ್ಳುವುದಿಲ್ಲ. ಆದರೆ ನನ್ನ ಸಾಕ್ಷಿ ತಪ್ಪು ದಾರಿಗೆ ಎಳೆಯಿತೆಂದು ತೋರಿಸಬೇಕಾದರೆ, ನನ್ನ ಚಿಕ್ಕಮ್ಮನ ಬುದ್ಧಿ ಸರಿಯಾಗಿಯೇ ಇತ್ತೆಂದು ಮೊದಲು ತಾವು ತಮ್ಮ ಕೈಯಾರೆ ಬರೆಯಬೇಕಾಗುತ್ತದೆ. ದಯವಿಟ್ಟು ಬರೆಯಿರಿ. ಆಮೇಲೆ ನನಗೆ ಏನು ವಿಧಿಸಿದರೂ ಸರಿ.

ಇಂತಿ,
ಸುಳ್ಳು ಹೇಳದೆಯೇ ಸುಳ್ಳು ಸಾಕ್ಷಿ ನುಡಿದ
ಒಬ್ಬ ಅಕ್ಕನ ಮಗಳು